ಬೀಗದ ಮಾಮ ಎಳೆದ ಗೀರು

ಆ ದಿನವೂ ಅವಳು ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದಳು. ಅಂಗಡಿ ಅಂದರೆ ಮೂರು ಮಹಡಿ ಕಟ್ಟಡದ ಮೆಟ್ಟಿಲ ಕೆಳಗಿನ ಒಂದು ಗೂಡು, ಅಷ್ಟೇ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಗೋಡೆ ತುಂಬ ಮೊಳೆ, ಮೊಳೆ ತುಂಬ ಹಲ್ಲು ಕೊರೆಯದ ಕೀಗಳು. ಅವಳ ಗಂಡ ಅಲ್ಲಿ ಕೂತು ಕೆಟ್ಟ ಬೀಗ ಸರಿಮಾಡುತ್ತಿದ್ದ, ಕಳೆದುಹೋದ ಕೀ ಬದಲು ಇನ್ನೊಂದು ಮಾಡಿಕೊಡುತ್ತಿದ್ದ. ಬೀದಿಗೆಲ್ಲ ಅವನು ಬೀಗದ ಮಾಮ.

ಅವನು ಡಬ್ಬಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟ.

"ಉಪ್ಪು ಮರೆತಿದೀಯ."

"ಮರೆತಿಲ್ಲ. ಡಾಕ್ಟರು ಕಮ್ಮಿ ಮಾಡಿ ಅಂದಿದಾರೆ."

"ಅವರು ಕಮ್ಮಿ ಅಂದ್ರು. ನೀನು ಗಡೀಪಾರೇ ಮಾಡಿದೀಯಲ್ಲೇ."

ಊಟ ಮುಗಿಸಿ ಕೈ ತೊಳೆದು ಅವನು ಬೆಳಗ್ಗೆ ಅರ್ಧಕ್ಕೆ ಬಿಟ್ಟಿದ್ದ ಕೀಯನ್ನು ಮತ್ತೆ ವೈಸಿನ ಕಬ್ಬಿಣದ ದವಡೆಗೆ ಸಿಕ್ಕಿಸಿ ಹಿಡಿ ತಿರುಗಿಸಿ ಬಿಗಿ ಮಾಡಿದ. ಅರದಿಂದ ಹಲ್ಲು ತೀಡಿದ. ಹಿತ್ತಾಳೆ ಪುಡಿ ಊದಿದ. ಕೊನೆಗೆ ಕೀಯ ಕತ್ತಿನ ಕೆಳಗೆ ಓರೆಯಾಗಿ ಒಂದು ಗೀರು ಎಳೆದ. ಅವನು ಮಾಡಿದ ಯಾವ ಕೀಯೂ ಆ ಗೀರಿಲ್ಲದೆ ಅಂಗಡಿ ದಾಟುತ್ತಿರಲಿಲ್ಲ. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ.

"ಯಾಕ್ರೀ ಅದು?" ಎಂದು ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದಳು.

"ಕೀ ಸಿಕ್ಕಿಹಾಕ್ಕೊಂಡ್ರೆ ಯಾರನ್ನ ಬೈಯಬೇಕು ಅಂತ ಗೊತ್ತಾಗಬೇಡ್ವಾ?"

"ಮಾಡಿದ ಪಾಪಕ್ಕೆ ಸಹಿ ಬೇರೆ," ಎಂದಿದ್ದಳು. ಅವನು ನಕ್ಕಿದ್ದ. ಆ ಮಧ್ಯಾಹ್ನ ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಖಾಲಿ ಡಬ್ಬಿ ತಗೊಂಡು ಅವಳು ಮನೆಗೆ ಬಂದಳು. ಅದೇ ಕೊನೆ. ಆಮೇಲೆ ಅಂಥ ದಿನ ಬರಲಿಲ್ಲ.

ಮಾರನೆಯ ಬೆಳಗ್ಗೆ ಇಬ್ಬರು ಪೊಲೀಸರು ಮನೆ ಬಾಗಿಲಿಗೆ ಬಂದರು. ಒಬ್ಬ ಒಂದು ಕೀ ಮುಂದೆ ಹಿಡಿದ.

"ಇದು ಯಾರು ಮಾಡಿದ್ದು?"

ಬೀಗದ ಮಾಮ ಕನ್ನಡಕ ಹುಡುಕಲಿಲ್ಲ. ಕತ್ತಿನ ಕೆಳಗೆ ಉಗುರು ಆಡಿಸಿದ. ಮುಖ ಅರಳಿತು.

"ನಂದೇ ಸಾರ್. ಯಾಕೆ, ಸಿಕ್ಕಿಹಾಕ್ಕೊಳ್ತಾ?"

"ಸರಾಗವಾಗಿ ತೆಗೀತು. ಅದಕ್ಕೇ ಬಂದಿರೋದು. ನಡಿ."

ಪಕ್ಕದ ಬೀದಿಯ ಔಷಧಿ ಗೋದಾಮಿನಲ್ಲಿ ಕಳ್ಳತನವಾಗಿತ್ತು. ಅಲ್ಲಿಯ ಉಗ್ರಾಣದವನು ಹಿಂದೊಮ್ಮೆ ಅಂಗಡಿಗೆ ಬಂದು, ಯಜಮಾನರು ಇನ್ನೊಂದು ಕೀ ಮಾಡಿಸಿಕೊಂಡು ಬಾ ಅಂದಿದ್ದಾರೆ ಎಂದು ಹೇಳಿ ಮಾಡಿಸಿಕೊಂಡು ಹೋಗಿದ್ದ. ಅವನು ಸಿಕ್ಕಿಬಿದ್ದ. ಕೀ ಅವನ ಜೇಬಿನಲ್ಲಿತ್ತು. ಇಬ್ಬರೂ ಸೇರಿ ಮಾಡಿದ್ದು ಎಂದು ಪೊಲೀಸರು ಪಟ್ಟು ಹಿಡಿದರು. ಸ್ಟೇಷನ್ನಿನಲ್ಲಿ ಬೀಗದ ಮಾಮ ಕೇಳಿದವರಿಗೆಲ್ಲ ಹೇಳಿದ್ದು ಒಂದೇ ಮಾತು, ಅದು ನನ್ನ ಕೈಕೆಲಸ. ಊರಿಗೆಲ್ಲ ಬೀಗ ಹಾಕಿಕೊಟ್ಟವನು ತನ್ನ ಬಾಯಿಗೆ ಒಂದು ಹಾಕಿಕೊಳ್ಳಲಿಲ್ಲ.

ಅವಳು ಮೊದಲು ಅಣ್ಣನ ಮನೆಗೆ ಓಡಿದಳು. ಅಣ್ಣ ಬಾಗಿಲಲ್ಲೇ ನಿಂತು ಮಾತಾಡಿದ.

"ತಪ್ಪು ಮಾಡದೇ ಇದ್ರೆ ವಕೀಲರು ಯಾಕಮ್ಮಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ. ಅದೂ ಕ್ರಿಮಿನಲ್ ವಕೀಲರು ಅಂದ್ರೆ... ಜನ ಏನಂತಾರೆ?"

"ಜನ ಆಗಲೇ ಅಂದಾಯ್ತು," ಎಂದಳು. ಅತ್ತಿಗೆ ಒಳಗಿನಿಂದ ಟಿವಿಯ ಸದ್ದು ಜಾಸ್ತಿ ಮಾಡಿದಳು.

ಅವಳಿಗೆ ಗೊತ್ತಿದ್ದ ವಕೀಲರು ಒಬ್ಬರೇ. ಮನೆಯ ಬಾಡಿಗೆ ಕರಾರು ಬರೆದುಕೊಟ್ಟವರು. ಕರಿ ಕೋಟಿದ್ದರೆ ಎಲ್ಲ ಒಂದೇ ಎಂದುಕೊಂಡು ಅವರ ಮುಂದೆ ಹೋಗಿ ಕೂತಳು. ಅವರು ಎಲ್ಲ ಕೇಳಿಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು.

"ಅಮ್ಮಾ, ನಂದು ಜಾಗ, ಪಾಲು, ಬಾಡಿಗೆ. ಪೊಲೀಸ್ ಅಂದ್ರೆ ನಾನೂ ನಿಮ್ಮ ಹಾಗೇ ಹೆದರ್ತೀನಿ. ಹಲ್ಲುನೋವಿಗೆ ಕಣ್ಣಿನ ಡಾಕ್ಟರ ಹತ್ರ ಬಂದಿದೀರಿ."

"ಹಲ್ಲಿನ ಡಾಕ್ಟರು ಯಾರು, ಹೇಳಿ."

"ಯಾರ ಹೆಸರೂ ಹೇಳಲ್ಲ. ಆಮೇಲೆ ನನ್ನನ್ನ ಬೈತೀರಿ. ಕೋರ್ಟಿಗೆ ಹೋಗಿ. ಗೇಟಲ್ಲೇ ಸೆರಗು ಹಿಡಿದು ಎಳೆಯೋರು ಬೇಡ. ಒಳಗೆ ಹಿಂದಿನ ಬೆಂಚಲ್ಲಿ ಕೂತು ನೋಡಿ. ಯಾರು ಯಾರ ಪರ ಹೇಗೆ ನಿಲ್ತಾರೆ ಅಂತ. ಬೇಗ ಹೋಗಿ. ಇಂಥದ್ರಲ್ಲಿ ಮೊದಲ ದಿನ ದೊಡ್ಡದು."

ಅವಳು ಹೋಗಿ ಕೂತಳು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಬೆಂಚಿನಲ್ಲಿದ್ದ ಎಲ್ಲರೂ ಯಾರದೋ ತಾಯಿ, ಯಾರದೋ ಹೆಂಡತಿ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬ ವಕೀಲರು ಗುಡುಗಿದರು, ಮೇಜು ಕುಟ್ಟಿದರು. ಅವರ ಬೆನ್ನ ಹಿಂದೆ ಕಟಕಟೆಯಲ್ಲಿದ್ದವನು ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ಅವರು ಅವನ ಕಡೆ ಒಮ್ಮೆಯೂ ತಿರುಗಲಿಲ್ಲ. ಆಮೇಲೆ ಕರಿ ಕೋಟಿನ ಒಬ್ಬ ಹೆಂಗಸು ಎದ್ದಳು. ಮಂಡಿನೋವು ಅಂತ ಕಾಣುತ್ತದೆ, ಕುಂಟುತ್ತಿದ್ದಳು. ಜಡ್ಜ್ ಮುಂದೆ ಹೋಗುವ ಮೊದಲು ಕಟಕಟೆಯ ಹತ್ತಿರ ಹೋಗಿ, ಅಲ್ಲಿ ನಿಂತವನ ಕಿವಿಯಲ್ಲಿ ಏನೋ ಕೇಳಿದಳು. ಅವನು ತಲೆಯಾಡಿಸಿದ. ಆಮೇಲೇ ಅವಳು ಬಾಯಿ ತೆರೆದಳು. ಕೂಗಲಿಲ್ಲ.

ಇವರೇ ಸರಿ ಎಂದು ಅವಳಿಗೆ ಅನ್ನಿಸಿತು. ಹೊರಗೆ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದಳು. ವಿಷಯ ಹೇಳುವ ಮೊದಲೇ ಒಂದು ಪ್ರಶ್ನೆ ಕೇಳಿದಳು.

"ನೀವು ಕಳ್ಳರನ್ನೂ ಬಿಡಿಸ್ತೀರಂತಲ್ಲ ಮೇಡಂ?"

ಲಾಯರಮ್ಮ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಂಡಳು. "ಕಳ್ಳರ ಪಕ್ಕಾನೂ ನಿಲ್ತೀನಿ. ಕಳ್ಳನೋ ಅಲ್ವೋ ಹೇಳೋದು ಜಡ್ಜ್ ಕೆಲಸ. ಅಲ್ಲಿ ಯಾರೂ ಒಬ್ಬರೇ ನಿಲ್ಲಬಾರದು, ಅಷ್ಟು ನನ್ನ ಕೆಲಸ. ಈಗ ಹೇಳಿ." ಅವಳು ನಡೆದದ್ದೆಲ್ಲ ಹೇಳಿದಳು. "ನಿಮ್ಮೋರು ಸ್ಟೇಷನ್ನಲ್ಲಿ ಏನು ಹೇಳಿದಾರೆ?"

"ಕೀ ನಂದೇ ಅಂದಿದಾರೆ."

"ಅಯ್ಯೋ."

ಅಯ್ಯೋ ಎಂದವಳು ಅವತ್ತೇ ಸ್ಟೇಷನ್ನಿಗೆ ಹೋದಳು. ನಾನಿಲ್ಲದೆ ಇನ್ನು ಒಂದು ಮಾತೂ ಆಡಬೇಡಿ ಎಂದು ಬೀಗದ ಮಾಮನಿಗೆ ತಾಕೀತು ಮಾಡಿದಳು. ಅವನು ಹೆಂಡತಿಯ ಮುಖ ನೋಡಿದ.

"ನಾನೇನು ಕಳ್ಳನಾ? ಕ್ರಿಮಿನಲ್ ವಕೀಲರನ್ನ ಯಾಕೆ ತಂದೆ?"

ಲಾಯರಮ್ಮನೇ ಹೇಳಿದಳು. "ಯಜಮಾನ್ರೇ, ಕೀ ಮಾಡಿದ್ದು ಬೇರೆ. ಕಳ್ಳತನಕ್ಕೆ ಅಂತ ಗೊತ್ತಿದ್ದೂ ಮಾಡಿದ್ದು ಬೇರೆ. ಗೊತ್ತಿತ್ತು ಅಂತ ಅವರು ತೋರಿಸ್ಬೇಕು. ಇವೆರಡನ್ನೂ ಬಿಡಿಸಿ ಹೇಳೋದೇ ನನ್ನ ಕಸುಬು. ಜಾಮೀನು ಕೇಳ್ತೀನಿ, ಸಾಕ್ಷಿ ಹೇಳೋರನ್ನ ಪ್ರಶ್ನೆ ಮಾಡ್ತೀನಿ, ಕೊನೇವರೆಗೂ ಜೊತೇಲಿರ್ತೀನಿ. ಬೀದೀಲಿ ಹೋದ ಮರ್ಯಾದೆ ಮಾತ್ರ ನನ್ನ ಕೈಲಿಲ್ಲ."

"ನನಗೆ ಬೇಕಾಗಿರೋದು ಅದೇ," ಎಂದ ಅವನು. "ತಪ್ಪಿಲ್ಲ ಅಂತ ಒಂದು ಸಲ ಜಡ್ಜ್ ಬಾಯಲ್ಲಿ ಬರಲಿ. ಎಲ್ಲರ ಮುಂದೆ."

ಜಾಮೀನು ಸಿಕ್ಕಿತು. ಹೊರಗೆ ಬಂದ ಮಾರನೆಯ ದಿನವೇ ಅವನು ಅಂಗಡಿ ತೆಗೆದ. ಯಾರೂ ಬರಲಿಲ್ಲ. ಮಾಮಾ ಎನ್ನುತ್ತಿದ್ದವರು ಮೊಬೈಲ್ ನೋಡಿಕೊಂಡು ದಾಟಿಹೋದರು. ಬೆಂಕಿಯಿಲ್ಲದೆ ಹೊಗೆಯಾಡುತ್ತದಾ ಎಂದು ಮೇಲಿನ ಮಹಡಿಯ ದರ್ಜಿ ಇವರಿಗೆ ಕೇಳುವ ಹಾಗೇ ಹೇಳಿದ. ಕಳ್ಳನ ಕೈಗೆ ಯಾರು ಮನೆ ಕೀ ಕೊಡುತ್ತಾರೆ?

"ಸ್ವಲ್ಪ ದಿನ ಮುಚ್ಚೋಣ ರೀ," ಎಂದಳು ಅವಳು.

"ಮುಚ್ಚಿದ್ರೆ ಒಪ್ಕೊಂಡ ಹಾಗೆ. ತಪ್ಪಿಲ್ಲ ಅಂತ ಹೇಳೋವರೆಗೂ ಈ ಶಟರ್ ಮೇಲೇ ಇರಬೇಕು."

ಶಟರಿನ ಕೀ ಹಳತಾಗಿ ಸವೆದಿತ್ತು. ಕೆಲಸವಿಲ್ಲದೆ ಕೂತವನು ಅದಕ್ಕೇ ಒಂದು ಹೊಸ ಕೀ ಮಾಡಿದ. ಹಲ್ಲು ತೀಡಿ, ಪುಡಿ ಊದಿ, ವೈಸಿನಿಂದ ಬಿಚ್ಚಿ ಅವಳ ಕೈಗೆ ಕೊಟ್ಟ. ಅವಳು ಕತ್ತಿನ ಕೆಳಗೆ ಬೆರಳಾಡಿಸಿದಳು. ನುಣ್ಣಗಿತ್ತು.

"ಗೀರು?"

"ಬೇಡ ಬಿಡು."

"ಇದು ನಮ್ಮದೇ ಕೀ. ಎಳೀರಿ."

"ಬೇಡ ಅಂದ್ನಲ್ಲೇ. ಜಡ್ಜ್ ಹೇಳಲಿ, ಎಳೀತೀನಿ."

ಅವರು ಹೇಳಲಿಲ್ಲ. ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು ಬಿತ್ತು. ಸಾಕ್ಷಿ ಬಂದ ದಿನ ಜಡ್ಜ್ ರಜೆ. ಜಡ್ಜ್ ಬಂದ ದಿನ ಸಾಕ್ಷಿ ಊರಲ್ಲಿಲ್ಲ. ಒಂದು ಮಧ್ಯಾಹ್ನ ಅವಳು ಡಬ್ಬಿ ತಗೊಂಡು ಹೋದಾಗ ಅವನು ವೈಸಿನ ಮೇಲೆ ತಲೆಯಿಟ್ಟು ಮಲಗಿದ್ದ. ಮಲಗಿದ್ದಾನೆ ಎಂದೇ ಅವಳು ಡಬ್ಬಿ ಬಿಚ್ಚಿದಳು. ಅವತ್ತು ಉಪ್ಪು ಸರಿಯಾಗಿ ಹಾಕಿದ್ದಳು. ಆಮೇಲೆ ಕೈ ಮುಟ್ಟಿ ನೋಡಿದಳು.

ಮಣ್ಣಿಗೆ ಅಣ್ಣ ಬಂದ. ಬೀದಿಯವರು ಬರಲಿಲ್ಲ. ದರ್ಜಿ ಮಾತ್ರ ಮೆಟ್ಟಿಲ ಮೇಲೆ ನಿಂತು ನೋಡಿದ.

ಎಲ್ಲ ಮುಗಿದ ಮೇಲೆ ಅವಳು ಲಾಯರಮ್ಮನ ಆಫೀಸಿಗೆ ಹೋದಳು.

"ಕೇಸು ಮುಂದಕ್ಕೆ ಯಾವಾಗ ಮೇಡಂ?"

ಲಾಯರಮ್ಮ ಎದ್ದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತಳು. "ಉಗ್ರಾಣದವನದು ನಡೆಯುತ್ತೆ. ನಿಮ್ಮೋರದು ಇಲ್ಲಮ್ಮ. ಆರೋಪಿ ತೀರಿಕೊಂಡ್ರೆ ಅವರ ಮೇಲಿನ ಕೇಸೂ ಅಲ್ಲಿಗೆ ಮುಗೀತು."

"ಅಂದ್ರೆ ತಪ್ಪಿಲ್ಲ ಅಂತ ಬರೀತಾರಾ?"

"ಇಲ್ಲ. ತೀರಿಕೊಂಡಿದಾರೆ ಅಂತ ಬರೀತಾರೆ."

"ಅದು ನನಗೂ ಗೊತ್ತು."

ಅವಳು ಲಾಯರಮ್ಮನ ಕಡೆ ತಿರುಗಿದಳು. "ಒಂದು ಮಾತು ಹೇಳ್ತೀರಾ ಅಲ್ಲಿ? ಅವರು ಬದುಕಿದ್ದಿದ್ರೆ ಏನು ಹೇಳ್ತಿದ್ರೋ ಅಷ್ಟೇ."

"ಹೇಳಿದ್ರೂ ಅದಕ್ಕೆ ಬೆಲೆ ಇಲ್ಲಮ್ಮ. ಬರ್ಕೊಳ್ಳಲ್ಲ."

"ಬೆಲೆ ಕೇಳಲಿಲ್ಲ ನಾನು."

ಕೇಸು ಮುಚ್ಚುವ ದಿನ ಅವಳು ಅದೇ ಹಿಂದಿನ ಬೆಂಚಿನಲ್ಲಿ ಕೂತಳು. ಕಟಕಟೆ ಖಾಲಿಯಿತ್ತು. ಲಾಯರಮ್ಮ ಕುಂಟುತ್ತ ಮೊದಲು ಆ ಖಾಲಿ ಕಟಕಟೆಯ ಹತ್ತಿರ ಹೋಗಿ ಒಂದು ಗಳಿಗೆ ನಿಂತಳು. ಅಭ್ಯಾಸಕ್ಕೋ ಬೇಕೆಂದೋ ಗೊತ್ತಿಲ್ಲ. ಆಮೇಲೆ ಜಡ್ಜ್ ಕಡೆ ತಿರುಗಿ ಹೇಳಿದಳು.

"ಸ್ವಾಮಿ, ನನ್ನ ಕಕ್ಷಿದಾರರು ಇವತ್ತು ಇಲ್ಲಿದ್ದಿದ್ದರೆ, ನಾನು ತಪ್ಪು ಮಾಡಿಲ್ಲ ಎಂದು ಹೇಳುತ್ತಿದ್ದರು."

ಜಡ್ಜ್ ಕನ್ನಡಕದ ಮೇಲಿಂದ ನೋಡಿದರು. ಬರೆದುಕೊಳ್ಳಲಿಲ್ಲ. ಮುಂದಿನ ಕೇಸು ಕೂಗಿಸಿದರು. ಬೆಂಚಿನಲ್ಲಿದ್ದವರು ಅವರವರ ಯೋಚನೆಯಲ್ಲಿದ್ದರು. ಆ ಮಾತು ಕೇಳಿಸಿದ್ದು ಅವಳೊಬ್ಬಳಿಗೆ.

ಅಣ್ಣ ಈಗ ಬಾಗಿಲು ತೆರೆದು ಒಳಗೆ ಕರೆಯುತ್ತಾನೆ. ಅಂಗಡಿ ಯಾರಿಗಾದರೂ ಕೊಟ್ಟುಬಿಡು, ನಮ್ಮ ಮನೆಗೆ ಬಾ ಎನ್ನುತ್ತಾನೆ. ಅವಳು ಹೂಂ ಎನ್ನುತ್ತಾಳೆ, ಹೋಗುವುದಿಲ್ಲ. ಅವಳಿಗೆ ಕೀ ಮಾಡಲು ಬರುವುದಿಲ್ಲ. ಗೊತ್ತಿಲ್ಲದ ಯಾರಾದರೂ ನಿಂತು ಕೇಳುತ್ತಾರೆ.

"ಕೀ ಮಾಡ್ಕೊಡ್ತೀರೇನಮ್ಮಾ?"

"ಇಲ್ಲ."

"ಮತ್ತೆ ಅಂಗಡಿ ಯಾಕೆ ತೆಗೆದಿದೀರಿ?"

"ಮುಚ್ಚಿಲ್ಲ, ಅದಕ್ಕೆ."

ಬೆಳಗ್ಗೆ ದರ್ಜಿ ಬರುವ ಮೊದಲೇ ಅವಳು ಹೋಗುತ್ತಾಳೆ. ಸೆರಗಿನ ಗಂಟಿನಿಂದ ಆ ಕೀ ತೆಗೆಯುತ್ತಾಳೆ. ಅದರ ಕತ್ತಿನ ಕೆಳಗೆ ಬೆರಳು ತಾನಾಗೇ ಹೋಗುತ್ತದೆ. ನುಣ್ಣಗಿದೆ. ಬೀಗ ತೆಗೆದು ಶಟರನ್ನು ಎರಡೂ ಕೈಯಲ್ಲಿ ಪೂರ್ತಿ ಮೇಲಕ್ಕೆತ್ತುತ್ತಾಳೆ, ಬೀದಿಗೆಲ್ಲ ಕೇಳುವ ಹಾಗೆ. ನೆಲ ಗುಡಿಸುತ್ತಾಳೆ. ಗೋಡೆಯ ಕೀಗಳ ಧೂಳು ಒರೆಸುತ್ತಾಳೆ. ವೈಸಿಗೆ ಒಂದು ಹನಿ ಎಣ್ಣೆ ಬಿಟ್ಟು, ತುಕ್ಕು ಹಿಡಿಯದಿರಲಿ ಎಂದು ಹಿಡಿಯನ್ನು ಒಮ್ಮೆ ಬಿಗಿ ಮಾಡುತ್ತಾಳೆ, ಒಮ್ಮೆ ಸಡಿಲ ಮಾಡುತ್ತಾಳೆ.