ಓಟಿಪಿ ಕೊಡದ ಅತ್ತಿಗೆ

ಪರದೇಶದಲ್ಲಿ, ಬ್ಯಾಂಕಿನಲ್ಲೂ ಪರ್ಸಿನಲ್ಲೂ ದುಡ್ಡಿದ್ದೂ, ಒಂದು ಬಾಟಲಿ ಜ್ಯೂಸ್ ಕೊಳ್ಳಲಾಗದೆ ಒದ್ದಾಡಿದ ಅನುಭವ ನಿಮಗಾಗಿದೆಯೇ? ಆಗಿಲ್ಲವೆಂದರೆ ನೀವು ಪುಣ್ಯವಂತರು. ನನಗೆ ಆಗಿದೆ, ಮತ್ತು ಆ ಸಂಕಟ ಇನ್ನೂ ಮೈಯಿಂದ ಇಳಿದಿಲ್ಲ.

ಬಿನ್ನಿಪೇಟೆಯಲ್ಲಿ ನಮ್ಮದೊಂದು ಪರದೆ ಬಟ್ಟೆಯ ಅಂಗಡಿ. ಹೊಸ ಮಾಲು ನೋಡಿಕೊಂಡು ಬರೋಣವೆಂದು ನಾನೂ ನನ್ನ ಗಂಡನೂ ಚೀನಾಕ್ಕೆ ಹೋಗಿದ್ದೆವು. ಅಲ್ಲಿ ಸೊಪ್ಪಿನವಳಿಂದ ಹಿಡಿದು ಎಲ್ಲರೂ ಫೋನಿನಲ್ಲೇ ದುಡ್ಡು ತಗೊಳ್ಳುತ್ತಾರೆ. ಅದರಲ್ಲೇನು, ಗಾಂಧಿ ಬಜಾರಿನಲ್ಲಿ ಒಂದು ಮೊಳ ಮಲ್ಲಿಗೆಗೂ ಸ್ಕ್ಯಾನ್ ಮಾಡುವವರು ನಾವು, ನಮಗೆ ಯಾರು ಕಲಿಸಬೇಕು ಎಂಬ ಜಂಬ ನನಗಿತ್ತು. ಆದರೆ ನಮ್ಮ ಆ್ಯಪ್ ಅಲ್ಲಿ ನಡೆಯುವುದಿಲ್ಲ. ಅವರ ಆ್ಯಪ್ ಹಾಕಿಕೊಂಡು, ಅದಕ್ಕೆ ನಮ್ಮ ಕಾರ್ಡ್ ಸೇರಿಸಬೇಕು. ಹೊರಡುವ ಮೊದಲೇ ಮನೆಯಲ್ಲಿ ಕೂತು ಸೇರಿಸಿಕೊಂಡಿದ್ದೆ.

ಆಮೇಲೆ ಮಾಡಿದ ಘನಕಾರ್ಯ ಕೇಳಿ. ನಾವು ಊರಲ್ಲಿಲ್ಲದಾಗ ಗ್ಯಾಸ್ ಸಿಲಿಂಡರ್ ಬರುವುದಿತ್ತು. ಸಿಲಿಂಡರ್ ತಂದವನು ಮೊಬೈಲಿಗೆ ಬಂದ ನಂಬರ್ ಹೇಳಿದರೆ ಮಾತ್ರ ಇಳಿಸುತ್ತಾನಲ್ಲ, ಆ ಮೊಬೈಲ್ ನಂಬರ್ ನನ್ನದು. ಬ್ಯಾಂಕಿಗೂ ಅದೇ ನಂಬರ್. ನಾನು ಗ್ಯಾಸಿನ ಬಗ್ಗೆ ಯೋಚಿಸಿದೆ, ಬ್ಯಾಂಕಿನ ಬಗ್ಗೆ ಯೋಚಿಸಲಿಲ್ಲ. ಸಿಮ್ ತೆಗೆದು ಹಳೇ ಬಟನ್ ಫೋನಿಗೆ ಹಾಕಿ ಅತ್ತಿಗೆಯ ಕೈಗೆ ಕೊಟ್ಟು ವಿಮಾನ ಹತ್ತಿದೆ. ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ, ರಿಟೈರಾದ ಮೇಷ್ಟ್ರಮ್ಮ. ಚಾಮರಾಜಪೇಟೆಯ ನಮ್ಮ ಮನೆಯ ಮಹಡಿ ಮೇಲೆ ಇರುತ್ತಾರೆ.

ಕೆಲವು ದಿನ ಎಲ್ಲ ಸಲೀಸಾಗಿ ನಡೆಯಿತು. ನಡೆದಷ್ಟೂ ನನ್ನ ಜಂಬ ಏರಿತು. ಒಂದು ಮಧ್ಯಾಹ್ನ ಬಟ್ಟೆಯ ಮೇಳ ಮುಗಿಸಿಕೊಂಡು ಮೆಟ್ರೋ ಪ್ಲಾಟ್‌ಫಾರ್ಮಿಗೆ ಇಳಿದೆವು. ಇವರು ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು. ಮೇಳದಲ್ಲಿ ಮಾಂಸವಿಲ್ಲದ್ದು ಏನೂ ಸಿಗದೆ ಮಧ್ಯಾಹ್ನದ ಊಟ ತಪ್ಪಿತ್ತು. ನನ್ನ ಬ್ಯಾಗಿನಲ್ಲಿದ್ದ ಚಿಕ್ಕಿ ಹಿಂದಿನ ದಿನವೇ ಖಾಲಿ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಹಣೆಯಲ್ಲಿ ಬೆವರು, ಬೆರಳು ನಡುಗುತ್ತಿದೆ. ಶುಗರ್ ಇಳಿಯುತ್ತಿದೆ ಎಂದು ನೋಡಿದೊಡನೆ ಗೊತ್ತಾಯಿತು. ಬೇಗ ಏನಾದರೂ ಸಿಹಿ ಹೊಟ್ಟೆಗೆ ಹೋಗದಿದ್ದರೆ ಎಚ್ಚರ ತಪ್ಪುತ್ತದೆಂದು ಡಾಕ್ಟರು ಹೇಳಿದ್ದು ತಲೆಯಲ್ಲಿ ಗುಂಯ್‌ಗುಟ್ಟತೊಡಗಿತು.

ಎದುರಿಗೇ ಜ್ಯೂಸಿನ ಮೆಷಿನ್. ಗಾಜಿನ ಹಿಂದೆ ಸಾಲು ಸಾಲು ಬಾಟಲಿ. ನೋಟು ಹಾಕಲು ಅದರಲ್ಲಿ ಜಾಗವೇ ಇಲ್ಲ. ಸ್ಕ್ಯಾನ್ ಮಾಡಿದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಕೊನೆಗೆ, ಕಾರ್ಡನ್ನು ಮತ್ತೊಮ್ಮೆ ಖಾತ್ರಿಪಡಿಸಿ, ನಿಮ್ಮ ನಂಬರಿಗೆ ಓಟಿಪಿ ಕಳಿಸಿದ್ದೇವೆ ಎಂದಿತು.

ಯಾರನ್ನಾದರೂ ಕೇಳಬಾರದಿತ್ತೇ ಎಂದು ಕಾಮೆಂಟಿನಲ್ಲಿ ಬರೆಯಲು ಹೊರಟವರಿಗೆ ಈಗಲೇ ಹೇಳಿಬಿಡುತ್ತೇನೆ, ಕೇಳಿದೆ. ನೋಟು ಹಿಡಿದು ಒಬ್ಬ ಹುಡುಗಿಯ ಮುಂದೆ ನಿಂತೆ. ಅವಳು ಏನು ತಿಳಿದಳೋ, ಕೈಯಾಡಿಸಿ ರೈಲು ಹತ್ತಿಬಿಟ್ಟಳು. ಬಾಗಿಲು ಮುಚ್ಚಿತು, ಪ್ಲಾಟ್‌ಫಾರ್ಮ್ ಖಾಲಿಯಾಯಿತು. ಮೇಲಿನ ಅಂಗಡಿಗೆ ಓಡಬಹುದಿತ್ತು. ಆದರೆ ಬೆಂಚಿನಿಂದ ಜಾರುತ್ತಿರುವ ಮನುಷ್ಯನನ್ನು ರೈಲು ಹಳಿಯ ಪಕ್ಕ ಬಿಟ್ಟು ಹೇಗೆ ಹೋಗಲಿ?

ಅತ್ತಿಗೆಗೆ ಫೋನ್ ಮಾಡಿದೆ. ದಿನಾ ಮನೆಗೆ ಇವರ ಫೋನಿನಿಂದ ಮಾತಾಡುತ್ತಿದ್ದೆವು, ಅದು ಅಂದು ಹೋಟೆಲಿನಲ್ಲಿ ಚಾರ್ಜಿಗೆ ಕೂತಿತ್ತು. ನನ್ನದರಲ್ಲಿದ್ದದ್ದು ಅಲ್ಲಿನ ಸಿಮ್. ಅತ್ತಿಗೆಗೆ ಕಂಡಿದ್ದು ಯಾವುದೋ ವಿಚಿತ್ರ ನಂಬರ್.

"ಅತ್ತಿಗೆ, ನಾನು. ಆ ಬಟನ್ ಫೋನಿಗೆ ಒಂದು ಮೆಸೇಜ್ ಬಂದಿದೆ ನೋಡಿ. ಅದ್ರಲ್ಲಿರೋ ನಂಬರ್ ಹೇಳಿ, ಬೇಗ."

ಆ ಕಡೆ ಕುಕ್ಕರ್ ಕೂಗಿತು. ಅತ್ತಿಗೆ ಕೂಗಲಿಲ್ಲ. ತಣ್ಣಗೆ ಕೇಳಿದರು.

"ಯಾರಮ್ಮಾ ನೀವು?"

"ನಾನೇ ಅತ್ತಿಗೆ, ನಿಮ್ಮ ತಮ್ಮನ ಹೆಂಡ್ತಿ."

"ಧ್ವನಿ ಚೆನ್ನಾಗೇ ಮಾಡ್ತೀರ. ನಮ್ಮ ಪಾರ್ಕಿನಲ್ಲಿ ವಾಕಿಂಗ್ ಬರೋರೊಬ್ರಿಗೆ ಹಿಂಗೇ ಅವ್ರ ಮಗಳ ಧ್ವನೀಲೇ ಫೋನ್ ಮಾಡಿ, ಪೆನ್ಷನ್ ಪೂರ್ತಿ ಗುಡಿಸ್ಕೊಂಡು ಹೋದ್ರು. ನೀವೇನಾ ಅದು?"

"ಅತ್ತಿಗೆ, ತಮಾಷೆ ಮಾಡೋ ಹೊತ್ತಲ್ಲ. ಇವ್ರಿಗೆ ಶುಗರ್ ಇಳೀತಿದೆ."

"ಹ್ಞಾ, ಬಂತಾ ಕಾಯಿಲೆ. ಮುಂದಿಂದು ಆಸ್ಪತ್ರೆ, ಅದಾದ್ಮೇಲೆ ಆಪರೇಷನ್ನು. ಹೇಳಿ ಹೇಳಿ, ಸಾರಿಗೆ ಒಗ್ಗರಣೆ ಹಾಕ್ಬೇಕು ನಾನು."

"ಬೇಕಾದ್ರೆ ನೀವೇ ಅವ್ರ ಹತ್ರ ಮಾತಾಡಿ."

ಇವರ ಕಿವಿಗೆ ಫೋನ್ ಹಿಡಿದೆ. ನೊಣ ಹೊಡೆಯುವ ಹಾಗೆ ತಳ್ಳಿಬಿಟ್ಟರು. ಒಂದು ಮಾತಿಲ್ಲ. ಅತ್ತಿಗೆಗೆ ಇನ್ನೂ ಧೈರ್ಯ ಬಂತು.

"ಯಾಕೆ, ನನ್ನ ತಮ್ಮನ ಧ್ವನಿ ಇನ್ನೂ ರೆಡಿ ಆಗಿಲ್ವಾ? ಇಡಮ್ಮಾ ಫೋನು. ಪೊಲೀಸ್‌ಗೆ ಹೇಳ್ತೀನಿ."

ನನಗೆ ಅಳು ಬಂತು, ಜೊತೆಗೆ ಕೋಪವೂ ಬಂತು. ಎಲ್ಲಕ್ಕಿಂತ ಜಾಸ್ತಿ ಗಾಬರಿ. ಇವರ ಕೆನ್ನೆ ತಟ್ಟಿದೆ, ಹೆಗಲು ಹಿಡಿದು ಅಲುಗಾಡಿಸಿದೆ. ಆಗ ಇವರು ಕಣ್ಣು ಮುಚ್ಚಿಕೊಂಡೇ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವ ಹಾಗೆ ಗದರಿದರು.

"ನಂಗೇನೂ ಆಗಿಲ್ಲ. ಮೊದ್ಲು ಈ ಲೈಟ್ ಆರ್ಸು. ಎಲ್ರೂ ಆಚೆ ಹೋಗಿ."

ಫೋನಿನಲ್ಲಿ ಸೌಟು ಕೆಳಗೆ ಬಿದ್ದ ಸದ್ದು. ಆಮೇಲೆ ಅತ್ತಿಗೆಯ ಧ್ವನಿಯೇ ಬೇರೆಯಾಗಿತ್ತು.

"ಏಯ್. ಅದು ಅವನಾ? ಲೈಟು ಅಂದ್ನಾ?"

"ಹ್ಞೂಂ ಅತ್ತಿಗೆ."

"ಅಯ್ಯೋ, ಶುಗರ್ ಇಳಿದಿದೆ ಕಣೇ ಅವ್ನಿಗೆ! ಹೋದ ವರ್ಷಾನೂ ಹಿಂಗೇ ಲೈಟ್ ಮೇಲೆ ರೇಗಾಡಿದ್ದ. ಏನಾದ್ರೂ ಕುಡಿಸೇ ಮೊದ್ಲು."

"ಅದನ್ನೇ ತಾನೇ ಆಗ್ಲಿಂದ ಬಡ್ಕೊಳ್ತಿರೋದು. ನಂಬರ್ ಹೇಳಿ."

"ಆ ಫೋನ್ ಆಫ್ ಮಾಡ್ಬಿಟ್ಟಿದೀನಿ."

"ಯಾಕೆ?"

"ಮೆಸೇಜ್ ಬಂತಲ್ಲ, ಕಳ್ರು ಒಳಗೆ ಬಂದ್ಬಿಡ್ತಾರೇನೋ ಅಂತ."

ಆ ಹಳೇ ಫೋನು ಆನ್ ಆಗುವಾಗ ಒಂದು ಟ್ಯೂನ್ ಬರುತ್ತದೆ. ಅದು ಮುಗಿಯುವವರೆಗೆ ನಾನು ಅನುಭವಿಸಿದ್ದು ನನ್ನ ಶತ್ರುವಿಗೂ ಬೇಡ. ಮೊದಲ ಓಟಿಪಿಯ ಹೊತ್ತು ಮೀರಿತ್ತು. ಇನ್ನೊಂದು ಕಳಿಸು ಎಂದು ಒತ್ತಿದೆ. ಅತ್ತಿಗೆ ಕನ್ನಡಕ ಹುಡುಕಿದರು. ತಲೆ ಮೇಲೆ ನೋಡಿ ಎಂದೆ, ಅಲ್ಲೇ ಇತ್ತು. ಒಂದೊಂದೇ ಅಂಕಿಯನ್ನು ಕ್ಲಾಸಿನಲ್ಲಿ ಉಕ್ತಲೇಖನ ಕೊಡುವ ಹಾಗೆ ಎರಡೆರಡು ಸಲ ಹೇಳಿದರು.

"ಒಂದೇ ಸಲ ಸಾಕು ಅತ್ತಿಗೆ."

"ತಪ್ಪು ಬರ್ಕೊಂಡ್ರೆ?"

ಬರೆದೆ. ಚಕ್ರ ತಿರುಗಿ ನಿಂತಿತು. ಯಾವ ಬಾಟಲಿ ಎಂದು ನನಗೇನು ಗೊತ್ತು, ಒಂದಕ್ಷರ ಓದಲು ಬರುವುದಿಲ್ಲ. ಕಿತ್ತಳೆ ಹಣ್ಣಿನ ಚಿತ್ರವಿದ್ದದ್ದನ್ನು ಒತ್ತಿದೆ. ದಬ್ ಎಂದು ಬಿತ್ತು. ಮೊದಲು ನಾನೇ ಒಂದು ಗುಟುಕು ಕುಡಿದು, ಸಿಹಿಯಿದೆಯೆಂದು ನೋಡಿಕೊಂಡು ಇವರ ಬಾಯಿಗಿಟ್ಟೆ. ಅರ್ಧ ಒಳಗೆ, ಅರ್ಧ ಅಂಗಿಯ ಮೇಲೆ. ಎರಡು ರೈಲು ಬಂದು ಹೋದವು. ಮೂರನೆಯದು ಬರುವಾಗ ಇವರು ಕಣ್ಣು ಬಿಟ್ಟು ಅಂಗಿ ನೋಡಿಕೊಂಡರು.

"ಏನೇ ಇದು, ಅಂಟಂಟು. ಯಾರು ಚೆಲ್ಲಿದ್ದು?"

"ನೀವೇ ರೀ."

"ಫೋನಲ್ಲಿ ಯಾರು?"

ಅತ್ತಿಗೆ ಇಡೀ ಹೊತ್ತು ಫೋನ್ ಇಟ್ಟಿರಲಿಲ್ಲ. ತಮ್ಮನ ದನಿ ಕೇಳಿದ ಮೇಲೆ "ಸಾರು ಸೀದೋಯ್ತು" ಎಂದಷ್ಟೇ ಹೇಳಿ ಇಟ್ಟರು.

ನಾವು ಊರಿಗೆ ಬಂದ ಮೇಲೂ, ಕ್ಷಮೆ ಕೇಳಬೇಕೆಂಬ ಯೋಚನೆಯೇ ಅತ್ತಿಗೆಗೆ ಇರಲಿಲ್ಲ. ನಾನೇ ಬಾಯಿ ತೆಗೆದೆ.

"ಅತ್ತಿಗೆ, ನನ್ನ ಧ್ವನಿ ಗೊತ್ತಾಗ್ಲಿಲ್ವಾ ನಿಮ್ಗೆ?"

"ಗೊತ್ತಾಯ್ತು. ಅದಕ್ಕೇ ಅನುಮಾನ ಬಂದಿದ್ದು. ಇನ್ನೊಂದ್ಸಲ ಹಂಗೆ ಫೋನ್ ಬಂದ್ರೂ ನಂಬರ್ ಕೊಡಲ್ಲ ನೋಡು."

ಇವರು ಮಧ್ಯೆ ಕೂತು ಚಿತ್ರಾನ್ನ ತಿನ್ನುತ್ತಾ ನಗುತ್ತಿದ್ದರು. ನಗು ಬರುತ್ತದೆ ಅವರಿಗೆ, ಅವರಿಗೆ ಏನೂ ನೆನಪಿಲ್ಲ. ನನಗೆ ನಗು ಬರುವುದಿಲ್ಲ. ಅತ್ತಿಗೆ ಮಾಡಿದ್ದು ನೂರಕ್ಕೆ ನೂರು ಸರಿ, ಆ ಪಾರ್ಕಿನವರ ಪೆನ್ಷನ್ ಹೋದದ್ದೂ ನಿಜ. ಆದರೆ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿರುವಾಗಲೂ ಒಂದು ಯೋಚನೆ ಬಂದು ಕೈ ನಿಂತುಬಿಡುತ್ತದೆ. ಇವರು ಅಂದು ಗದರದೆ ಸುಮ್ಮನೆ ಒರಗಿಬಿಟ್ಟಿದ್ದರೆ? ನಾನು ನಾನೇ ಎಂದು ಯಾವ ಬಾಯಿಂದ ಹೇಳಿ ನಂಬಿಸಬೇಕಿತ್ತು?

ಸಿಮ್ ಮನೆಯಲ್ಲಿ ಬಿಡಬೇಡಿ ಎಂಬ ಬುದ್ಧಿವಾದ ಬೇಡ, ಅದು ಕಲಿತಾಯಿತು. ಸಿಮ್ ಕಳೆದುಹೋದರೆ, ಫೋನ್ ಒಡೆದುಹೋದರೆ, ದೂರದಿಂದ ಒಬ್ಬರು ನಿಜವಾಗಿ ಕಷ್ಟದಲ್ಲಿ ಕರೆದರೆ, ನಿಮ್ಮ ಮನೆಯವರು ಹೇಗೆ ನಂಬುತ್ತಾರೆ? ಮೊದಲೇ ಏನಾದರೂ ಮಾತಾಡಿಟ್ಟುಕೊಂಡಿದ್ದೀರಾ? ನೀವೂ ಹೀಗೆ ಎಲ್ಲಾದರೂ ಸಿಕ್ಕಿಹಾಕಿಕೊಂಡಿದ್ದರೆ, ಆ ಕಡೆಯವರು ನಂಬಿದರೋ ಇಲ್ಲವೋ, ಆದದ್ದನ್ನು ಆದ ಹಾಗೆ ಕೆಳಗೆ ಬರೆಯಿರಿ. ಸ್ವಲ್ಪ ಬಿಡಿಸಿ ಬರೆಯಿರಿ, ಕಳ್ಳರ ಭಯಕ್ಕೆ ಇಂಟರ್ನೆಟ್ ಮುಟ್ಟದ ಅತ್ತಿಗೆಗೆ ನಾನೇ ಓದಿ ಹೇಳಬೇಕು.