ಅಲ್ ಖೋರಿನ ಪುಂಡಿಪಲ್ಯ

ಸೂಪರ್‌ಮಾರ್ಕೆಟ್ಟಿನ ತಣ್ಣನೆಯ ಕಪಾಟಿನಲ್ಲಿ ನಿನ್ನೆ ರುಬಾರ್ಬ್ ಕಂಡಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೊಳದುದ್ದದ ಕೆಂಪು ದಂಟು, ಬಾಯಿಗಿಟ್ಟರೆ ಕಣ್ಣು ತಾನಾಗಿ ಮುಚ್ಚುವಷ್ಟು ಹುಳಿ. ಇಂಗ್ಲಿಷರು ಅದಕ್ಕೆ ಸಕ್ಕರೆ ಸುರಿದು ಸಿಹಿ ಮಾಡಿಕೊಂಡು ತಿನ್ನುತ್ತಾರಂತೆ. ನಮ್ಮ ಮನೆಯಲ್ಲಿ ಅದರ ಗತಿಯೇ ಬೇರೆಯಾಗಿತ್ತು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಮದುವೆಯಾದ ಹೊಸದರಲ್ಲಿ ಗಿರಿಜಾ ವಿಜಾಪುರದಿಂದ ಕೊಲ್ಲಿ ದೇಶದ ಈ ಅಲ್ ಖೋರಿಗೆ ಬಂದಳು. ನಾನು ನಸುಕಿಗೇ ಕಂಪನಿ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆ. ಆಕೆಗೆ ಮಾತಾಡಲು ಒಂದು ನರಪಿಳ್ಳೆ ಇಲ್ಲ. ಊಟ ಸೇರದಾಯಿತು. "ಪುಂಡಿಸೊಪ್ಪು ಸಿಗದ ಊರಾಗ ಹೆಂಗ ಬಾಳೂದ್ರಿ? ನನ್ನ ಟಿಕೆಟ್ ತಗಸ್ರಿ," ಅಂದಳು. ಸೊಪ್ಪಿನ ನೆಪದಲ್ಲಿ ಹೊಸ ಹೆಂಡತಿ ಹೊರಟು ನಿಲ್ಲುವುದೆಂದರೇನು, ನೀವೇ ಹೇಳಿ!

ನಮ್ಮ ಹುಳಿಸೊಪ್ಪು ಪುಂಡಿಗೂ ಕೆಂಪು ದಂಟಿರುತ್ತದಲ್ಲ? ರುಬಾರ್ಬನ್ನು ಅದೇ ಅಂದುಕೊಂಡು ಹೊತ್ತು ತಂದೆ, ಮಹಾ ಶಾಣ್ಯಾ ನಾನು.

"ಎಲಿ ಎಲ್ಲೈತ್ರಿ? ಎಲಿ ಒಗದು ದಂಟು ಮಾರ್ಯಾರ, ಕೊಂಡೋರು ನೀವು!" ಎಂದು ಬೈಯುತ್ತಲೇ ತುದಿ ಕಚ್ಚಿದಳು. "ಅಯ್ಯ ಶಿವನ, ಹುಳಿ ಅಂದ್ರ ಹುಳಿ!" ಮುಖ ಕಿವುಚಿ ನಕ್ಕೇಬಿಟ್ಟಳು. ಇಲ್ಲಿಗೆ ಬಂದ ಮೇಲೆ ಆಕೆ ನಕ್ಕಿದ್ದು ಅದೇ ಮೊದಲು.

ನಾರು ಸುಲಿದು ಹೆಚ್ಚಿದಳು. ಸೊಪ್ಪಿಲ್ಲದ ಕೊರತೆಗೆ ಪಾಲಕ್ ಸೇರಿಸಿದಳು. ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಟಿಕೆಟ್ಟಿನ ಮಾತು ಅಲ್ಲಿಗೆ ನಿಂತಿತು. ಆಮೇಲೆ ಅದರದೇ ಚಟ್ನಿ, ಚಿತ್ರಾನ್ನ, ಬೆಲ್ಲ ಹಾಕಿದ ಗೊಜ್ಜು. ಒಮ್ಮೆ ಸಾರಿಗೂ ಬಿತ್ತು. ಸಾರು ದೇವರಿಗೇ ಪ್ರೀತಿ, ಆದರೂ ಹೊಗಳಿ ಇನ್ನೊಂದು ಸಲ ಬಡಿಸಿಕೊಂಡೆ.

ಮಗಳಿಗೆ ಶಾಲೆಯ ವಯಸ್ಸಾದಾಗ, ನಾಲ್ಕು ಅಕ್ಷರ ಕನ್ನಡ ಕಲಿಯಲಿ ಎಂದು ಇಬ್ಬರನ್ನೂ ವಿಜಾಪುರಕ್ಕೆ ಕಳಿಸಿದೆ. ನಾನಿಲ್ಲಿ ಮೆಸ್ಸಿನ ಅನ್ನಕ್ಕೆ ಉಳಿದೆ. ಸಂಬಳ ಬರುತ್ತದೆ, ಹೊಟ್ಟೆ ತುಂಬುತ್ತದೆ, ಮನೆ ಬಿಕೋ ಅನ್ನುತ್ತದೆ. ಆಕೆ ಬೇಕು ಅನಿಸುತ್ತದೆ, ಅಷ್ಟೇ.

ನಿನ್ನೆ ಆ ದಂಟು ತಂದು, ಫೋನ್ ಕಿವಿಗಿಟ್ಟುಕೊಂಡು, ಆಕೆ ಹೇಳಿದ ಹಾಗೇ ಪಲ್ಯ ಮಾಡಿದೆ. "ನಿನಗೇನು, ಅಲ್ಲಿ ಖರೇ ಪುಂಡಿನೇ ರಾಶಿ ಬಿದ್ದಿರ್ತದ," ಎಂದು ಕೆಣಕಿದೆ.

"ನಾ ಪುಂಡಿಪಲ್ಯ ಮಾಡೂದ ಬಿಟ್ಟೀನ್ರಿ."

"ಯಾಕ?"

"ಬಡಿಸ್ಕೊಳ್ಳಾಕ ನೀವಿಲ್ಲಲ್ಲ."

ಇವತ್ತು ಬೆಳಿಗ್ಗೆ ಮ್ಯಾನೇಜರ್ ಮುಂದೆ ಹೋಗಿ ನಿಂತೆ. "ಖಲಾಸ್ ಸಾರ್, ಕೆಲಸ ಸಾಕು, ಮನೆಗೆ ಹೊರಟೆ," ಅಂದೆ.