ಆಯುಧಪೂಜೆಯ ರಾತ್ರಿ ಕಣ್ಣು ಬಿಟ್ಟ ಕ್ಯಾಮೆರಾ

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಅಜ್ಜಂಪುರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿ ಹೊಟ್ಟೆ ಹೊರೆಯುವವನು. ಕರೆಂಟ್ ಇಲ್ಲದೆ ಯಾವುದೂ ಓಡುವುದಿಲ್ಲ ಎನ್ನುವುದು ನನ್ನ ಮಟ್ಟಿಗೆ ವೇದವಾಕ್ಯ. ಅಂಗಡಿಯ ಮುಂದೆ ಕೂತು ದೆವ್ವದ ಕಥೆ ಹೇಳುವವರನ್ನು ಗೇಲಿ ಮಾಡಿ ಓಡಿಸಿದವನೂ ನಾನೇ. "ನಿಮ್ ದೆವ್ವಕ್ಕೆ ಎಷ್ಟು ವೋಲ್ಟ್ ಬೇಕಪ್ಪಾ, ಸಿಂಗಲ್ ಫೇಸಾ, ತ್ರೀ ಫೇಸಾ?" ಎಂದು ಕೇಳುತ್ತಿದ್ದೆ.

ಕಳೆದ ಆಯುಧಪೂಜೆಯ ರಾತ್ರಿಯಿಂದ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ…

ನಮ್ಮ ಮನೆ ಬುಕ್ಕಾಂಬುಧಿ ರಸ್ತೆಯಲ್ಲಿ, ಊರಿನಿಂದ ಸ್ವಲ್ಪ ಆಚೆ. ಇರುವುದು ನಾನು ಮತ್ತು ನನ್ನ ಹೆಂಡತಿ ಗಿರಿಜಾ, ಇಬ್ಬರೇ. ಮೊದಲು ಮೂವರಿದ್ದೆವು.

ಮಗಳು ಸಿಂಧು ಇನ್ನೂ ಸ್ಕೂಲಿಗೆ ಸೇರುವ ಮೊದಲು ಮನೆಗೆ ಒಂದು ಡಿಜಿಟಲ್ ಕ್ಯಾಮೆರಾ ಬಂತು. ಕಡೂರಿನಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಸ್ನೇಹಿತ ಬಸಣ್ಣ, ತಾನು ಹೊಸದು ತಗೊಂಡಾಗ ಹಳೆಯದನ್ನು ನನಗೆ ಕೊಟ್ಟ. ಆಗ ನಮ್ಮ ಕಡೆಯ ಹಳ್ಳಿಗಳಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ರೀಲ್ ಬೇಡ, ತೊಳೆಸುವುದು ಬೇಡ, ತೆಗೆದ ತಕ್ಷಣ ಬೆನ್ನಿನ ಪುಟ್ಟ ಪರದೆಯಲ್ಲಿ ಮುಖ ಕಾಣುತ್ತದೆ ಎಂದರೆ ನೋಡುವುದಕ್ಕೆ ಬೀದಿಯೇ ಬಂದು ನಿಂತಿತ್ತು. ಆದರೆ ಅದಕ್ಕೆ ಬಕಾಸುರನ ಹೊಟ್ಟೆ. ಪೆನ್ಸಿಲ್ ಸೆಲ್ ಹಾಕಿದಷ್ಟೂ ನುಂಗುತ್ತಿತ್ತು. ಕೆಮ್ಮಣ್ಣುಗುಂಡಿಗೆ ಹೋದಾಗ ಬಸ್ಸಿನ ಕಿಟಕಿಯಿಂದ ಕಂಡ ಎಮ್ಮೆ, ಸೇತುವೆ, ಮೈಲಿಗಲ್ಲು ಎಲ್ಲ ಹೊಡೆದು ಹೊಡೆದು, ಬೆಟ್ಟದ ತುದಿಗೆ ಹೋಗಿ ನಿಂತಾಗ ಸೆಲ್ ಖಾಲಿ. ಗಿರಿಜಾ ಇಡೀ ದಾರಿ ನನ್ನನ್ನು ಆಡಿಕೊಂಡಳು.

ಅದರಲ್ಲಿ ತನ್ನಷ್ಟಕ್ಕೆ ತಾನೇ ಫೋಟೋ ಹೊಡೆಯುವ ಒಂದು ಗುಂಡಿ ಇತ್ತು. ಒತ್ತಿದರೆ ಮುಂಭಾಗದಲ್ಲಿ ಕೆಂಪು ದೀಪ ಮಿಣುಕುತ್ತದೆ. ಪೀಂ… ಪೀಂ… ಎಂದು ಶುರುವಾಗಿ ಸದ್ದು ಚುರುಕಾಗುತ್ತ ಹೋಗಿ ಕೊನೆಗೆ ಫ್ಲ್ಯಾಷ್. ಅಷ್ಟರೊಳಗೆ ಒತ್ತಿದವರು ಓಡಿ ಬಂದು ಉಳಿದವರ ಜೊತೆ ಸೇರಿಕೊಳ್ಳಬೇಕು.

ಸಿಂಧುವಿಗೆ ಆ ಗುಂಡಿಯ ಹುಚ್ಚು. ಬೇರೆ ಯಾರು ಫೋಟೋ ತೆಗೆದರೂ ಬೆನ್ನು ತಿರುಗಿಸಿ ಓಡುವಳು. ತಾನೇ ಒತ್ತಬೇಕು. ಪಡಸಾಲೆಯ ಮರದ ಬೆಂಚಿನ ಮೇಲೆ ನನ್ನನ್ನೂ ಅವಳಮ್ಮನನ್ನೂ ಕೂರಿಸಿ, "ಮಧ್ಯ ಜಾಗ ಬಿಡಿ, ಈಗ್ಲೇ ಬತ್ತೀನಿ" ಎಂದು ಹೇಳಿ ಗುಂಡಿ ಒತ್ತುವಳು. ಒತ್ತಿದ ಮೇಲೆ ಆ ಕೆಂಪು ದೀಪವನ್ನು ನೋಡುತ್ತ ಅಲ್ಲೇ ನಿಂತುಬಿಡುವಳು. ಸದ್ದು ಜೋರಾದಾಗ ಗಾಬರಿಯಾಗಿ ಓಡುವಳು. ಯಾವತ್ತೂ ಸಮಯಕ್ಕೆ ಬಂದು ಮುಟ್ಟಲಿಲ್ಲ. ಒಂದರಲ್ಲಿ ಜಡೆಯ ರಿಬ್ಬನ್, ಒಂದರಲ್ಲಿ ಅರ್ಧ ಬೆನ್ನು, ಒಂದರಲ್ಲಿ ಬರೀ ಕೈ. "ಮುಂದಿನ ಸಲ ಬತ್ತೀನಿ ನೋಡಮ್ಮ" ಎಂದು ಪ್ರತಿ ಸಲವೂ ಹೇಳುವಳು.

ಒಂದು ಆಯುಧಪೂಜೆಗೆ ಅವಳು ಇನ್ನೊಂದು ಕಿತಾಪತಿ ಮಾಡಿದಳು. ಆ ದಿನ ಸ್ಪ್ಯಾನರ್, ಸುತ್ತಿಗೆ, ತಂತಿ ಸುತ್ತುವ ಮಿಷಿನ್ ಎಲ್ಲವನ್ನೂ ತೊಳೆದು ಪಡಸಾಲೆಯ ಹಲಗೆಯ ಮೇಲೆ ಜೋಡಿಸಿ, ಎಲ್ಲದಕ್ಕೂ ಬೊಟ್ಟು ಇಡುತ್ತೇವೆ. ಇವಳು ಕ್ಯಾಮೆರಾವನ್ನೂ ತಂದು ಸಾಲಿನಲ್ಲಿಟ್ಟು, ಆನ್ ಮಾಡಿ, ಹೊರಗೆ ಬಂದ ಲೆನ್ಸಿನ ಗಾಜಿಗೇ ನೆಟ್ಟಗೆ ಕುಂಕುಮ ಹಚ್ಚಿದಳು.

"ಲೇ ಕಣ್ಣಿಗೆ ಯಾರಾದ್ರೂ ಬೊಟ್ಟು ಇಡ್ತಾರೇನೇ?" ಎಂದು ಗಿರಿಜಾ ಗದರಿದರೆ, "ಅದಕ್ಕೆ ಹಣೆ ಇಲ್ವಲ್ಲಮ್ಮ, ಮತ್ತೆಲ್ಲಿ ಇಡ್ಲಿ?" ಎಂದಳು. ನಾವಿಬ್ಬರೂ ನಕ್ಕೆವು.

ಎಷ್ಟು ಒರೆಸಿದರೂ ಒಂದಿಷ್ಟು ಕುಂಕುಮ ಲೆನ್ಸಿನ ಸಂದಿಗೆ ಇಳಿದುಬಿಟ್ಟಿತು. ಅಲ್ಲಿಂದಾಚೆಗೆ ಲೆನ್ಸ್ ಹೊರಗೆ ಬರುವಾಗ ಕರ… ಕರ… ಎಂದು ಮರಳು ಅರೆದ ಹಾಗೆ ಸದ್ದು. ತೆಗೆದ ಎಲ್ಲ ಫೋಟೋಗಳ ಎಡಮೂಲೆಯಲ್ಲಿ ಒಂದು ಕೆಂಪು ಮಬ್ಬು.

ಮುಂದಿನ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಒಂದು ವಾರವೂ ಆಗಲಿಲ್ಲ… ಹೋಗಿಬಿಟ್ಟಳು. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈ ಓಡುವುದಿಲ್ಲ.

ತಿಥಿಗೆ ಫೋಟೋ ಬೇಕಲ್ಲ. ಕ್ಯಾಮೆರಾದ ಕಾರ್ಡ್ ತಗೊಂಡು ಕಡೂರಿಗೆ ಹೋದೆ. ಬಸಣ್ಣ ಒಂದೊಂದನ್ನೇ ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿದ. ರಿಬ್ಬನ್ ಇತ್ತು, ಬೆನ್ನಿತ್ತು, ಕೈ ಇತ್ತು. ಮುಖ ಇರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. ಕ್ಯಾಮೆರಾ ಮನೆಯಲ್ಲೇ ಇದೆ ಎಂದು ನಾವು ಸ್ಟುಡಿಯೋದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದೆವು. ಕೊನೆಗೆ ಸಿಕ್ಕಿದ್ದು ಜಾವಳ ತೆಗೆಸಿದ ದಿನದ ಹಳೆಯ ಫೋಟೋ. ಬೋಳುತಲೆ, ಅಳುಮುಖ, ನನ್ನ ಕಂಕುಳಲ್ಲಿ. ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಿದೆವು. ಹರಳೆಣ್ಣೆ ಹಚ್ಚಿಸಿಕೊಂಡು ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ಹುಡುಗಿ ಗೋಡೆಯ ಮೇಲೆ ಕೂಸಾಗಿ ಉಳಿದಳು. ಗಿರಿಜಾ ಅದರ ಮುಂದೆ ದೀಪ ಹಚ್ಚುವಳೇ ಹೊರತು ತಲೆ ಎತ್ತಿ ನೋಡಿದ್ದನ್ನು ನಾನು ಕಾಣೆ.

ಕಾರ್ಡನ್ನು ಅವಳು ದೇವರ ಪೆಟ್ಟಿಗೆಯಲ್ಲಿಟ್ಟಳು. ಸೆಲ್ ಸೋರಿ ಹಾಳಾಗದಿರಲಿ ಎಂದು ನಾನು ಸೆಲ್ ತೆಗೆದು ಕ್ಯಾಮೆರಾವನ್ನು ಟ್ರಂಕಿಗೆ ಹಾಕಿದೆ. ವರ್ಷಕ್ಕೊಮ್ಮೆ, ಆಯುಧಪೂಜೆಗೆ, ಗಿರಿಜಾ ಅದನ್ನು ಹೊರಗೆ ತಂದು ನನ್ನ ಸ್ಪ್ಯಾನರುಗಳ ಪಕ್ಕ ಇಟ್ಟು ಬೊಟ್ಟಿಡುತ್ತಾಳೆ. ಮಾರನೆಯ ದಿನ ಮತ್ತೆ ಟ್ರಂಕಿಗೆ. ಹೀಗೆಯೇ ವರ್ಷಗಳು ಉರುಳಿದವು.

ಕಳೆದ ಸಲವೂ ಅಷ್ಟೇ. ಪೂಜೆ ಮುಗಿಯಿತು. ಬಾಗಿಲಲ್ಲಿ ಬೂದುಗುಂಬಳ ಒಡೆದು ಕುಂಕುಮದ ನೀರು ಚೆಲ್ಲಿತ್ತು. ಮನೆತುಂಬ ಚೆಂಡುಹೂವು, ಕರ್ಪೂರದ ವಾಸನೆ. ಪೂಜೆಗಿಟ್ಟ ಸಾಮಾನನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ, ಅವಕ್ಕೂ ಒಂದು ದಿನ ವಿಶ್ರಾಂತಿ.

ಊಟವಾಗಿತ್ತು. ಕರೆಂಟ್ ಹೋಯಿತು. ನಾನು ಹೊರಗೆ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದೆ. ಒಳಗೆ ಗಿರಿಜಾ ಪಾತ್ರೆ ತೊಳೆಯುತ್ತಿದ್ದಳು. ಪಡಸಾಲೆಯಲ್ಲಿ ಪೂಜೆಯ ದೀಪ ಒಂದೇ ಉರಿಯುತ್ತಿತ್ತು.

ಕರ… ಕರ…

ಪೂಜೆಗಿಟ್ಟ ಪುರಿ ತಿನ್ನಲು ಇಲಿ ಬಂದಿರಬೇಕು ಅಂದುಕೊಂಡೆ. ಇಲಿ ಹಾಗೆ ಸದ್ದು ಮಾಡುವುದಿಲ್ಲ ಎಂದು ನನ್ನ ಕಿವಿಗೆ ಗೊತ್ತಿತ್ತು. ಮನಸ್ಸು ಒಪ್ಪಲಿಲ್ಲ, ಅಷ್ಟೇ.

ಒಳಗೆ ಪಾತ್ರೆಯ ಸದ್ದೂ ನಿಂತಿತು.

ಪೀಂ… ಪೀಂ…

ನಾನು ಎದ್ದು ಹೊಸ್ತಿಲಿಗೆ ಬಂದೆ. ಹಲಗೆಯ ಮೇಲೆ, ಸುತ್ತಿಗೆ ಮತ್ತು ಸ್ಪ್ಯಾನರುಗಳ ನಡುವೆ, ಕ್ಯಾಮೆರಾದ ಲೆನ್ಸ್ ಪೂರ್ತಿ ಹೊರಗೆ ಬಂದಿತ್ತು. ಕೆಂಪು ದೀಪ ಮಿಣುಕುತ್ತಿತ್ತು. ಸೆಲ್ ಹಾಕುವ ಗೂಡಿನ ಮುಚ್ಚಳ ತೆರೆದು ನೇತಾಡುತ್ತಿತ್ತು. ಒಳಗೆ ಏನೂ ಇರಲಿಲ್ಲ… ದೀಪದ ಬೆಳಕಿನಲ್ಲಿ ಬರೀ ಪಾಚಿಗಟ್ಟಿದ ತಗಡು ಕಾಣುತ್ತಿತ್ತು.

ಗಿರಿಜಾ ಅಡುಗೆಮನೆಯಿಂದ ಬಂದಳು. ಹೆದರುತ್ತಾಳೆ, ಕೂಗುತ್ತಾಳೆ ಅಂದುಕೊಂಡೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಕೂದಲು ಸರಿಮಾಡಿಕೊಂಡಳು. ಹೋಗಿ ಆ ಬೆಂಚಿನ ಮೇಲೆ, ಯಾವಾಗಲೂ ಕೂರುತ್ತಿದ್ದ ಕೊನೆಯಲ್ಲಿ ಕೂತಳು.

"ಬನ್ರೀ, ಬೇಗ ಬಂದು ಕೂತ್ಕಳಿ," ಅಂದಳು ಮೆಲ್ಲಗೆ.

"ಗಿರಿಜಾ… ಅದ್ರಲ್ಲಿ ಸೆಲ್ ಇಲ್ಲ ಕಣೇ."

"ಗೊತ್ತು ಕಣ್ರೀ. ಮಧ್ಯ ಜಾಗ ಬಿಟ್ಟು ಕೂತ್ಕಳಿ."

ಸದ್ದು ಚುರುಕಾಯಿತು. ನಾನು ಹೊಸ್ತಿಲು ದಾಟಲಿಲ್ಲ. ದಾಟಬೇಕು ಎಂದು ನನ್ನ ಜೀವವೆಲ್ಲ ಹೇಳುತ್ತಿತ್ತು, ಮೈ ಕೇಳಲಿಲ್ಲ. ಆಗ ಹಲಗೆಯ ಕಡೆಯಿಂದ ಬೆಂಚಿನ ಕಡೆಗೆ ತಟ ತಟ ತಟ ಎಂದು ಬರಿಗಾಲಿನ ಸದ್ದು… ಪುಟ್ಟ ಕಾಲು, ಗಾಬರಿಯ ಓಟ. ಪೂಜೆಯ ದೀಪ ಆ ಕಡೆಗೆ ಬಾಗಿತು. ಗಿರಿಜಾ ಎಡಗೈಯನ್ನು ಅಗಲಿಸಿ ಹಿಡಿದು ಕಾಯುತ್ತಿದ್ದಳು.

ಫ್ಲ್ಯಾಷ್ ಹೊಡೆಯಿತು.

ಕಣ್ಣಿಗೆ ಕತ್ತಲೆ ಕಟ್ಟಿತು. ಮತ್ತೆ ಕಾಣುವಷ್ಟರಲ್ಲಿ ಲೆನ್ಸ್ ಒಳಗೆ ಹೋಗಿತ್ತು, ಕ್ಯಾಮೆರಾ ಮೊದಲಿನ ಹಾಗೇ ಸತ್ತು ಬಿದ್ದಿತ್ತು. ಮನೆಯಲ್ಲಿ ತಲೆಗೆ ಹಚ್ಚಿದ ಹರಳೆಣ್ಣೆಯ ವಾಸನೆ. ನಮ್ಮ ಮನೆಗೆ ಹರಳೆಣ್ಣೆ ತಂದು ಎಷ್ಟೋ ಕಾಲವಾಗಿದೆ. ಗಿರಿಜಾ ಬೆಂಚಿನ ಮೇಲೆಯೇ ಕೂತಿದ್ದಳು, ಕೈ ಇನ್ನೂ ಬಳಸಿ ಹಿಡಿದ ಹಾಗೇ ಇತ್ತು. ಅಳುತ್ತಿದ್ದಳು. ನಾನು ಹತ್ತಿರ ಹೋದರೆ, "ಈಗ ಬ್ಯಾಡ, ಆಮೇಲೆ ಬನ್ನಿ" ಅಂದಳು.

ಬೆಳಿಗ್ಗೆ ಬೀರೂರು ದಾರಿ ಹಿಡಿದು ಕಡೂರಿಗೆ ಹೋದೆ. ಬಸಣ್ಣನಿಗೂ ಈಗ ತಲೆ ನರೆತಿದೆ. ಕ್ಯಾಮೆರಾ ಮೇಜಿನ ಮೇಲಿಟ್ಟು, ಇದರಲ್ಲಿ ಏನಾದರೂ ಇದೆಯೇ ನೋಡು ಅಂದೆ.

"ಕಾರ್ಡೇ ಇಲ್ವಲ್ಲೋ ಶೇಖರಣ್ಣ, ಏನ್ ನೋಡ್ಲಿ," ಅಂದ. ಆಮೇಲೆ ತಾನೇ ಹೇಳಿದ, "ಇದ್ರ ಹೊಟ್ಟೇಲೂ ಚೂರು ಜಾಗ ಇರ್ತದೆ. ಕಾರ್ಡ್ ಇಲ್ದಿದ್ರೆ ಅಲ್ಲಿ ಒಂದೆರಡು ಕೂತ್ಕಳ್ತವೆ. ತಡಿ."

ತಗಡು ಉಜ್ಜಿ, ಹೊಸ ಸೆಲ್ ಹಾಕಿ, ಎಲ್ಲಿಂದಲೋ ಹಳೆಯ ವೈರ್ ಹುಡುಕಿ ಕಂಪ್ಯೂಟರಿಗೆ ಚುಚ್ಚಿದ. ಒಂದೇ ಒಂದು ಫೋಟೋ ಇತ್ತು.

ನಮ್ಮ ಪಡಸಾಲೆ. ಬೆಂಚು. ಗಿರಿಜಾ ನಗುತ್ತಿದ್ದಾಳೆ… ಅವಳು ಹಾಗೆ ನಗುವುದನ್ನು ನಾನು ಮರೆತೇಬಿಟ್ಟಿದ್ದೆ. ಎಡಗೈ ಬಳಸಿ ಹಿಡಿದಿದ್ದಾಳೆ. ಆ ಬದಿಯ ಸೆರಗು, ಯಾರೋ ಹಿಡಿದು ಜಗ್ಗಿದ ಹಾಗೆ ಕೆಳಗೆ ಎಳೆದುಕೊಂಡಿದೆ. ಮೂಲೆಯಲ್ಲಿ ಯಾವಾಗಲೂ ಇರುತ್ತಿದ್ದ ಕೆಂಪು ಮಬ್ಬು ಮೂಲೆಯಲ್ಲಿ ಇಲ್ಲ. ಅದು ಅವಳ ತೋಳಿನೊಳಗೆ ಇತ್ತು. ಎತ್ತರ ಅವಳ ಎದೆಮಟ್ಟ.

ಬಸಣ್ಣ ಒಂದು ಸಲ ಕ್ಯಾಮೆರಾವನ್ನು, ಒಂದು ಸಲ ಪರದೆಯನ್ನು ನೋಡಿದ. "ಕುಂಕುಮ ಗಾಜಿನ ಸಂದೀಲಿ ಜಾರಿರ್ಬೇಕು," ಅಂದ. ಅವನ ಮಾತನ್ನು ಅವನೇ ಒಪ್ಪಿದ ಹಾಗೆ ಕಾಣಲಿಲ್ಲ.

"ಅದನ್ನ ದೊಡ್ಡದು ಮಾಡಪ್ಪ," ಅಂದೆ. ದೊಡ್ಡದು ಮಾಡಿದ. ಇನ್ನೂ ಮಾಡು ಅಂದೆ. ಮಾಡಿದ. ಹಳೆಯ ಕಾಲದ ಕ್ಯಾಮೆರಾ, ಅದರಲ್ಲಿ ಇರುವುದೇ ಅಷ್ಟು. ಹತ್ತಿರ ಹೋದಷ್ಟೂ ಕೆಂಪು ಚೌಕಗಳಾಗಿ ಒಡೆಯುತ್ತ ಹೋಯಿತು. ಮುಖ ಹುಡುಕುತ್ತ ನಾನು ಪರದೆಗೆ ಮೂಗು ತಾಗಿಸಿದ್ದೆ. ಬಸಣ್ಣ ನನ್ನ ಹೆಗಲು ಹಿಡಿದು, "ಸಾಕು ಬಿಡೋ," ಅಂದ. ಅವನ ಸ್ಟುಡಿಯೋದಲ್ಲಿ ಕೂತು ನಾನು ಎರಡನೇ ಸಲ ಅತ್ತೆ.

ಪ್ರಿಂಟ್ ತಗೊಂಡು ಮನೆಗೆ ಬಂದೆ. ಗಿರಿಜಾ ಬಾಗಿಲಲ್ಲೇ ನಿಂತಿದ್ದಳು.

"ಬಂದ್ಲಾ?" ಎಂದು ಕೇಳಿದಳು.

ಫೋಟೋ ಅವಳ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆ ಕೆಂಪಿನ ಮೇಲೆ ಬೆರಳಾಡಿಸಿದಳು.

"ಈ ಸಲ ಸರ್ಯಾಗಿ ಕೂತಿದಾಳೆ," ಅಂದಳು.

ಆವತ್ತೇ ಜಾವಳದ ಫೋಟೋ ಗೋಡೆಯಿಂದ ಇಳಿಯಿತು. ಅದೇ ಕಟ್ಟಿನೊಳಗೆ ಇದನ್ನು ಹಾಕಿದಳು. ಅದೇ ಮೊಳೆಗೆ ನೇತುಹಾಕಿದಳು. ಹಾರ ಹಾಕಿದಳು. ಈಗ ದಿನಾ ತಲೆ ಎತ್ತಿ ನೋಡುತ್ತಾಳೆ, ಮಾತಾಡುತ್ತಾಳೆ.

ಮನೆಗೆ ಬಂದವರು ಬೆಚ್ಚುತ್ತಾರೆ. ಅವರಿಗೆ ಅದರಲ್ಲಿ ಕಾಣುವುದು ಗಿರಿಜಾ ಒಬ್ಬಳೇ. ಸಿಂಗಟಗೆರೆಯಿಂದ ಬಂದ ಅವಳ ಅಕ್ಕ ನೋಡಿ ಎದೆ ಹಿಡಿದುಕೊಂಡು, "ಬದುಕಿರೋರ ಫೋಟೋಕ್ಕೆ ಹಾರ ಹಾಕ್ತಾರೇನೇ, ತೆಗೀ ಮೊದ್ಲು," ಎಂದು ಗದರಿದರು.

"ಹಾರ ನಂಗಲ್ಲ ಕಣಕ್ಕ," ಅಂದಳು ಗಿರಿಜಾ, ಕಾಫಿ ಲೋಟ ಮುಂದಿಡುತ್ತ.

ತೆಗೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ತೆಗೆಯದೆ ಇರಲು ಧೈರ್ಯವೂ ಇಲ್ಲ. ಕ್ಯಾಮೆರಾ ಟ್ರಂಕಿನಲ್ಲಿದೆ, ಸೆಲ್ ಇಲ್ಲ, ಮುಚ್ಚಳಕ್ಕೆ ಮೋಟಾರಿನ ಕಾಯಿಲ್ ಕಟ್ಟುವ ಟೇಪ್ ಬಿಗಿದಿದ್ದೇನೆ. ಮುಂದಿನ ಆಯುಧಪೂಜೆಗೆ ಅವಳು ಅದನ್ನು ಹೊರಗೆ ತಂದೇ ತರುತ್ತಾಳೆ. ಆಗ ನಾನೂ ಬೆಂಚಿನ ಮೇಲೆ ಕೂರಬೇಕು ಅಂದುಕೊಂಡಿದ್ದೇನೆ. ಅಲ್ಲಿಯವರೆಗೆ… ರಾತ್ರಿ ನಡುವೆ ಎಚ್ಚರವಾದಾಗಲೆಲ್ಲ ಪಕ್ಕಕ್ಕೆ ಕೈ ಚಾಚಿ ಅವಳಿದ್ದಾಳೆಯೇ ಎಂದು ಮುಟ್ಟಿ ನೋಡುತ್ತೇನೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಎದುರಿಗೆ ಹಾರ ಹಾಕಿದ ಅವಳ ನಗುಮುಖ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಿಸುವವರೆಗೆ ನಾನು ಹಾಸಿಗೆಯಿಂದ ಏಳುವುದಿಲ್ಲ.